ಅಟ್ಟ ಹತ್ತಿದ ಮುಷ್ಕರ

ನಮ್ಮ ಸೋದರತ್ತೆಗೆ ಜಗಳವಿಲ್ಲದೆ ಉಂಡದ್ದು ಅರಗುವುದಿಲ್ಲ. ಹಾಗೆಂದು ಬಾಯಿಬಡುಕಿ ಅಂದುಕೊಂಡೀರಿ, ಅವರದು ವರ್ಗ ಸಂಘರ್ಷ! ತೆಂಗಿನ ತೋಟದ ಒಡತಿಯಾಗಿಯೂ ಕೆಂಬಾವುಟ ಹಿಡಿಯುವವರನ್ನು ತಿಪಟೂರು ಸೀಮೆಯಲ್ಲಿ ನೀವು ಎಲ್ಲಾದರೂ ಕಂಡಿದ್ದೀರಾ? ನಮ್ಮ ಮನೆಯ ಮದುವೆಯೊಂದರಲ್ಲಿ, ಅಡುಗೆಯವರು ಉಣ್ಣುವ ತನಕ ಬೀಗರು ಉಣ್ಣಕೂಡದೆಂದು ಊಟದ ಮನೆಯ ಬಾಗಿಲಿಗೆ ಅಡ್ಡ ಕುಳಿತುಬಿಟ್ಟರು. ಅಡುಗೆಯವರು ನಾಚಿಕೊಂಡು ಪಾಯಸ ಉಂಡರು, ಬೀಗರು ನಿಂತು ನೋಡಿದರು. ಆ ಬೀಗರು ಈಗಲೂ ನಮ್ಮನೆಗೆ ಬರುವಾಗ ಉಂಡೇ ಬರುತ್ತಾರೆ.

ಈಚೆಗೆ ಅತ್ತೆಯ ಕಣ್ಣು ಬಿದ್ದದ್ದು ಅವರ ಊರಾಚೆಯ ಕಾಯಿಪುಡಿ ಫ್ಯಾಕ್ಟರಿಯ ಮೇಲೆ. ಅಲ್ಲಿ ಕಾಯಿಯ ಕಂದು ಸಿಪ್ಪೆ ಹೆರೆಯುವ ಹೆಂಗಸರಿಗೆ ಪಾಯಿಖಾನೆ ಇರಲಿಲ್ಲ. ಬಯಲಿಗೆ ಹೋಗಬೇಕಲ್ಲ ಎಂದು ಪಾಪ, ಬೆಳಗಿನಿಂದ ಸಂಜೆವರೆಗೆ ನೀರೇ ಕುಡಿಯುತ್ತಿರಲಿಲ್ಲ. ಬಾಯಿಬಿಟ್ಟು ಕೇಳಿದವಳಿಗೆ ಮಾರನೆಯ ದಿನ ಕೆಲಸವಿಲ್ಲ. ಅತ್ತೆಯೇ ಹೋಗಿ ಕೇಳಿದ್ದಕ್ಕೆ ಓನರು, ನಿಮಗ್ಯಾಕಮ್ಮ ಈ ಉಸಾಬರಿ, ನೀವು ಕಾಯಿ ಕೊಡೋರು, ಕೊಟ್ಟು ಸುಮ್ನಿರಿ ಅಂದನಂತೆ.

ಆಗ ನಾನು ಅತ್ತೆಯ ಮನೆಯಲ್ಲಿದ್ದೆ. ಬಂದವರೇ ನನಗೆ ಅಪ್ಪಣೆ ಮಾಡಿದರು:

"ಅವ್ನಿಗೆ ಕಾಯಿ ಕೊಡಲ್ಲ ಕಣ್ಲಾ. ಎಲ್ಲಾನೂ ಅಟ್ಟಕ್ಕೆ ಹಾಕು."

ಅಟ್ಟಕ್ಕೆ ಹಾಕಿದ ಕಾಯಿ ಕೆಡುವುದಿಲ್ಲ, ವರ್ಷ ತುಂಬುವಷ್ಟರಲ್ಲಿ ಕೊಬ್ಬರಿಯಾಗುತ್ತದೆ. ಫ್ಯಾಕ್ಟರಿಯ ಮಿಷನ್ನು ಅಷ್ಟು ದಿನ ಉಪವಾಸ ಇದ್ದೀತೇ? ಅತ್ತೆ ಮನೆಮನೆ ಅಲೆದು, ಕಾಡಿ, ಬೇಡಿ, ಬೈದು, ಊರಿನ ಕಾಯನ್ನೆಲ್ಲ ಅಟ್ಟ ಹತ್ತಿಸಿದರು. ಫ್ಯಾಕ್ಟರಿಯ ಲಾರಿ ಬಂತು, ಖಾಲಿ ಹೋಯಿತು. ಅತ್ತೆಯ ಅಟ್ಟವಂತೂ ತುಂಬಿ, ಕಾಯಿ ನಡುಮನೆಗೆ ಬಂತು, ಮಂಚದ ಕೆಳಗೆ ಸೇರಿತು, ಕೊನೆಗೆ ಮಂಚವನ್ನೂ ಏರಿತು. ಅತ್ತೆಯ ಗಂಡ, ನಮ್ಮ ಮಾವ, ಹಾಸಿಗೆ ಸುತ್ತಿಕೊಂಡು ಜಗಲಿಗೆ ಬಂದರು.

"ಕ್ರಾಂತಿ ಆದ್ಮೇಲಾದ್ರೂ ನಂಗೆ ಮಂಚ ಸಿಕ್ತದೇನೇ?"

ಆಗ ಮಂಚ ಎಲ್ಲರದೂ ಆಗಿರುತ್ತದೆ ಎಂದರು ಅತ್ತೆ. ಮಾವ ಮುಸುಕೆಳೆದುಕೊಂಡರು.

ಆದರೆ ಒಂದನ್ನು ಅತ್ತೆ ಯೋಚಿಸಿಯೇ ಇರಲಿಲ್ಲ. ಕಾಯಿಲ್ಲದೆ ಫ್ಯಾಕ್ಟರಿ ನಿಂತರೆ ಹೆಂಗಸರ ಕೂಲಿಯೂ ನಿಲ್ಲುತ್ತದಲ್ಲ! ಅದು ಗೊತ್ತಾದ ದಿನದಿಂದ ಅವರು ಅರ್ಧ ಊಟಕ್ಕೇ ಏಳುತ್ತಿದ್ದರು. ಒಂದು ಬೆಳಿಗ್ಗೆ ಅಷ್ಟೂ ಹೆಂಗಸರು ಗುಂಪು ಕಟ್ಟಿಕೊಂಡು ಮನೆ ಕಡೆ ಬರುವುದು ಕಂಡಿತು. ಮಾವ ಮೆಲ್ಲಗೆ ಹಿತ್ತಲಿಗೆ ಜಾರಿಕೊಂಡರು. ಅತ್ತೆ ಮಾತ್ರ ಬಾಗಿಲು ಬಿಟ್ಟು ಕದಲಲಿಲ್ಲ. ಬೈಯ್ಲಿ ಬುಡು, ಬೈಸ್ಕೊಳ್ಳೋದೇ ನ್ಯಾಯ ಅಂದರು.

ಮುಂದೆ ಬಂದಾಕೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಅಕ್ಕಾ, ಮಿಕ್ಕಿದ ಕಾಯಿ ಎಲ್ಲೈತೆ? ಅಟ್ಟ ಖಾಲಿ ಇರೋ ಮನೆಗೆ ಹೊತ್ತಾಕೋಕೆ ಬಂದೀವಿ. ಕೂಲಿ ಬ್ಯಾಡ. ಅವ್ನಿಗೆ ಒಂದು ಕಾಯೂ ಸಿಗಬಾರ್ದು."

ಪಾಯಿಖಾನೆ ಆಮೇಲೆ ಎದ್ದಿತು. ಓನರು ಅದರ ಗೋಡೆಯ ಮೇಲೆ ತಮ್ಮ ತಂದೆಯವರ ಜ್ಞಾಪಕಾರ್ಥ ಎಂದು ಬರೆಸಿದ, ಅದು ಬೇರೆ ಮಾತು. ಆದರೆ ಆ ಬೆಳಿಗ್ಗೆ, ಊರಿನ ಬಾಯನ್ನೇ ಮುಚ್ಚಿಸುವ ನಮ್ಮತ್ತೆ ಒಳಗೆ ಹೋಗಿ, ಕಣ್ಣೊರೆಸಿಕೊಂಡು, ತುಂಬಿದ ಕೊಡ ತಂದು ಜಗಲಿಯ ಮೇಲಿಟ್ಟರು.

"ಮೊದ್ಲು ನೀರು ಕುಡೀರಿ," ಅಂದರು. "ಹೊಟ್ಟೆ ತುಂಬ ಕುಡೀರಿ. ನಮ್ಮನೇಲಿ ಪಾಯಿಖಾನೆ ಐತೆ."