ಎ.ಸಿ. ಕೋಣೆಯಲ್ಲಿ ತೋಟಾ ತೂಗಿದ್ದು

"ಇವತ್ತಿನಿಂದ ನನ್ನ ಅಂಗಿ ಮ್ಯಾಲೆ ಬೆವರಿನ ಉಪ್ಪಿನ ನಕಾಶೆ ಇರೂದಿಲ್ಲ, ಸೀಮಾ. ಇಸ್ತ್ರಿ ಮಡಿಕಿ ಹೆಂಗ ಹೋಗ್ತದ, ಹಂಗ ವಾಪಸ್ ಬರ್ತದ" ಎಂದು ವೀರೇಂದ್ರ ಚಹಾದ ಕಪ್ಪನ್ನು ರಾಜದಂಡದಂತೆ ಎತ್ತಿ ಘೋಷಿಸಿದ. ಹೆಂಡತಿ ಅದೇ ಅಂಗಿಗೆ ಇಸ್ತ್ರಿ ತಿಕ್ಕುತ್ತಿದ್ದಳು.

ಘೋಷಣೆಗೆ ಕಾರಣವಿತ್ತು. ಧಾರವಾಡದಿಂದ ಬಿ.ಎಸ್ಸಿ. ಪದವಿ ಹೊತ್ತು ದೋಹಾಕ್ಕೆ ಬಂದವನಿಗೆ ಶೂಟಿಂಗ್ ಕ್ಲಬ್ಬಿನಲ್ಲಿ ಸಿಕ್ಕಿದ್ದು, ಬಂದೂಕಿನಿಂದ ಉದುರಿದ ಖಾಲಿ ಹಿತ್ತಾಳೆ ತೋಟಾಗಳನ್ನು ಬಯಲಲ್ಲಿ ಆರಿಸುವ ಕೆಲಸ. ಆಗಸ್ಟಿನ ಬಿಸಿಲಿಗೆ ತೋಟಾವೂ ಅವನ ಕತ್ತೂ ಒಂದೇ ಬಣ್ಣಕ್ಕೆ ತಿರುಗಿದ್ದವು. ಖಾಲಿ ತೋಟಾಗಳಿಗೆ ಮತ್ತೆ ಸಿಡಿಮದ್ದು ತುಂಬುವ ಒಳಕೋಣೆಗೆ ಮಾತ್ರ ಎ.ಸಿ. ಎಷ್ಟು ಮದ್ದು ತುಂಬಬೇಕೆಂದು ನಿರ್ಧರಿಸಲು ತೋಟಾದ ಒಳಗಾತ್ರ ತಿಳಿದಿರಬೇಕು. ಅಳೆಯುವವನು ರಜೆಯಲ್ಲಿ ಊರಿಗೆ ಹೋಗಿದ್ದ. ತಾನು ಅಳೆದು ಕೊಡುವೆನೆಂದು ವೀರೇಂದ್ರ ಹಿಂದಿನ ದಿನ ಮ್ಯಾನೇಜರ್ ಶಿಹಾಬನ ಮುಂದೆ ಎದೆ ತಟ್ಟಿಕೊಂಡಿದ್ದ. ಇಂದು ಮಧ್ಯಾಹ್ನದೊಳಗೆ ಸರಿಯಾದ ಲೆಕ್ಕ ಕೊಟ್ಟರೆ ಆ ಕೆಲಸ ಇವನದೇ. ಇಲ್ಲದಿದ್ದರೆ ಬಯಲೇ ಗತಿ.

"ಅಷ್ಟ ಸಣ್ಣದರ ಹೊಟ್ಟಿ ಹೆಂಗ ಅಳೀತೀರಿ?" ಎಂದಳು ಸೀಮಾ.

"ಖಾಲಿ ಇದ್ದಾಗ ತೂಗೂದು. ಬಾಯಿತನಕ ನೀರ ತುಂಬಿ ಮತ್ತ ತೂಗೂದು. ಕಳಿಯೂದು. ವಿಜ್ಞಾನದಾಗ ಅಂದಾಜು ನಡಿಯೂದಿಲ್ಲ."

ಒಳಕೋಣೆ ಸ್ವರ್ಗವೇ ಸರಿ. ಆದರೆ ಎ.ಸಿ.ಯ ಗಾಳಿ ನೇರ ತಕ್ಕಡಿಯ ಮೇಲೇ ಬೀಸುತ್ತಿತ್ತು. ತಕ್ಕಡಿಗೆ ಗಾಳಿ ತಾಗದಂತೆ ಮುಚ್ಚುವ ಗಾಜಿನ ಗೂಡು ಎಂದೋ ಒಡೆದಿತ್ತು. ತೋಟಾಕ್ಕೆ ಸಿರಿಂಜಿನಿಂದ ನೀರು ತುಂಬಿ ಇಟ್ಟರೆ ಕೊನೆಯ ಅಂಕಿ ಮದುವೆ ಮೆರವಣಿಗೆಯ ಕುದುರೆಯಂತೆ ಕುಣಿಯಿತು. ಉಸಿರು ಬಿಗಿಹಿಡಿದ, ಕುಣಿಯಿತು. ರಟ್ಟಿನ ಗೋಡೆ ಕಟ್ಟಿದ. ಅದು ಹಾರಿ ತೋಟಾವನ್ನೇ ಕೆಡವಿತು. ಎದ್ದ, ಕೂತ, ಗಡಿಯಾರ ನೋಡಿದ, ಮತ್ತೆ ಎದ್ದ. ಕಡೆಗೆ ಎ.ಸಿ.ಯನ್ನೇ ಆರಿಸಿದ.

ಅಂಕಿ ನಿಂತಿತು! ಆದರೆ ಕೋಣೆ ಇಡ್ಲಿ ಪಾತ್ರೆಯಾಯಿತು. ಬಗ್ಗಿ ಅಂಕಿ ಓದುವಾಗ ಮೂಗಿನ ತುದಿಯಿಂದ ಒಂದು ಹನಿ ತಕ್ಕಡಿಯ ತಟ್ಟೆಗೆ ಬಿತ್ತು. ಅಂಕಿ ಏರಿತು. ಒರೆಸಿದ, ಇನ್ನೊಂದು ಬಿತ್ತು. ತಲೆಗೆ ಟವೆಲ್ ಸುತ್ತಿದ, ಗದ್ದದಿಂದ ಬಿತ್ತು. ಎ.ಸಿ. ಹಾಕಿದರೆ ಅಂಕಿ ನಿಲ್ಲದು, ಆರಿಸಿದರೆ ಇವನು ನಿಲ್ಲದೆ ಸೋರುವನು. ಕೊನೆಗೆ ಮಾರುದೂರ ಸರಿದು ನಿಂತು, ಮೊಬೈಲಿನ ಕ್ಯಾಮೆರಾದಲ್ಲಿ ಅಂಕಿಗಳನ್ನು ದೊಡ್ಡದು ಮಾಡಿ ಓದಿ, ತೋಟಾಗಳನ್ನೆಲ್ಲ ಮುಗಿಸಿದ.

ಶಿಹಾಬ್ ಲೆಕ್ಕ ನೋಡಿ ತಲೆದೂಗಿದ. ಎಲ್ಲ ಸರಿಯಾಗಿತ್ತು. ಎ.ಸಿ. ಯಾಕೆ ಆರಿದೆಯೆಂದು ಕೇಳಿದ. ವೀರೇಂದ್ರನ ಒಳಗಿನ ವಿಜ್ಞಾನಿ ಸುಮ್ಮನಿರಬೇಕಲ್ಲ! ಗಾಳಿಯಾಡುವಲ್ಲಿ ನಿಖರ ತೂಕ ಅಸಾಧ್ಯವೆಂದು ಕೈಬೆರಳು ಆಡಿಸಿ ಸಾಧಿಸಿ ತೋರಿಸಿದ.

ಶಿಹಾಬನಿಗೆ ಪೂರ್ತಿ ಮನವರಿಕೆಯಾಯಿತು. ಕೆಲಸ ವೀರೇಂದ್ರನಿಗೇ ಎಂದ. ಆಮೇಲೆ ಇಬ್ಬರು ಕೆಲಸದವರನ್ನು ಕರೆದು, ಬಯಲಿನ ಅಂಚಿನಲ್ಲಿದ್ದ ಕಿಟಕಿಯಿಲ್ಲದ ತಗಡಿನ ಶೆಡ್ಡಿಗೆ ತಕ್ಕಡಿ ಸಾಗಿಸಲು ಹೇಳಿದ. ಅಲ್ಲಿ ಗಾಳಿಯ ಸುಳಿವೂ ಇರಲಿಲ್ಲ. "ಯಲ್ಲಾ, ನಡಿ, ವೀರೇಂದ್ರ ಭಾಯ್" ಎಂದು ಬೆನ್ನು ತಟ್ಟಲು ಹೋದವನು ಕೈ ಒದ್ದೆಯಾದೀತೆಂದು ಹಿಂತೆಗೆದ.

ಸಂಜೆ ಸೀಮಾ ಬಾಗಿಲು ತೆರೆದಳು. ಅಂಗಿಯ ಮೇಲಿನ ನಕಾಶೆಯಲ್ಲಿ ನಿನ್ನೆಗಿಂತ ಎರಡು ದೇಶ ಹೆಚ್ಚೇ ಇದ್ದವು. ಅವಳು ಒಳಹೋಗಿ ಅಡುಗೆಮನೆಯ ತಕ್ಕಡಿ ತಂದು ಮೇಜಿನ ಮೇಲಿಟ್ಟಳು.

"ಅಂಗಿ ಬಿಚ್ಚಿ ಇದರ ಮ್ಯಾಲೆ ಇಡ್ರಿ. ಮುಂಜಾನೆ ಇಸ್ತ್ರಿ ಆದಮ್ಯಾಲೆ ಒಮ್ಮೆ ತೂಗಿಟ್ಟೀನಿ. ಕಳಿಯೂದಷ್ಟ ಬಾಕಿ."