ಆಕಳಿಕೆಯ ಮೂಲ

ಆಕಳಿಕೆ ಬಂದದ್ದು ತಪ್ಪಲ್ಲ, ಅದು ಬಂದ ಗಳಿಗೆ ತಪ್ಪು. ನಿರ್ದೇಶಕರು ತಮ್ಮ ಸೋಮವಾರದ ಭಾಷಣದಲ್ಲಿ "ಆದ್ದರಿಂದ ಮಾನವ ದೇಹವೆಂದರೆ..." ಎಂದು ಹೇಳಿ, ಮುಂದಿನ ಮಾತಿಗೆ ತೂಕ ಬರಲೆಂದು ಕ್ಷಣಕಾಲ ಸುಮ್ಮನಾದರು. ಬಾಗಿಲು ತೆರೆದಿಟ್ಟ ಮನೆಗೆ ಬೆಕ್ಕು ನುಗ್ಗಿದ ಹಾಗೆ ಆ ಮೌನದೊಳಕ್ಕೆ ಅನುಬಂಧನ ಆಕಳಿಕೆ ನುಗ್ಗಿತು. ಸಣ್ಣದೂ ಅಲ್ಲ. ಕಣ್ಣು ಮುಚ್ಚಿಸಿ, ದವಡೆ ಕಳಚುವಷ್ಟು ಬಾಯಿ ತೆರೆಸಿ, ಕೊನೆಗೆ "ಆ...ಹಾ..." ಎಂದು ರಾಗ ಎಳೆದು ಮುಗಿದ ಆಕಳಿಕೆ. ಅವನು ಕಣ್ಣು ಬಿಟ್ಟಾಗ ಇಡೀ ಸಭೆ ಅವನ ಗಂಟಲೊಳಗೆ ಇಣುಕಿ ನೋಡುತ್ತಿತ್ತು.

ಅನುಬಂಧ ಎನ್ನುವುದು ಅವನ ಹೆಸರಲ್ಲ. ಆ ಸಂಸ್ಥೆಯಲ್ಲಿ ದೇಹ, ನಿಸರ್ಗ, ಸಂಸ್ಕೃತಿ ಎಂದು ಮೂರು ವಿಭಾಗಗಳಿದ್ದವು. ಮೂರನ್ನೂ ಬೆಸೆದು ಮನುಷ್ಯನನ್ನು ಅರಿಯಬೇಕು ಎಂಬುದು ಸಂಸ್ಥೆ ಹುಟ್ಟಿದ ಉದ್ದೇಶ. ಸೋಮವಾರದ ಭಾಷಣ ಬಿಟ್ಟರೆ ಮೂರು ವಿಭಾಗದವರೂ ಒಂದೇ ಕೋಣೆಯಲ್ಲಿ ಸೇರುತ್ತಿದ್ದದ್ದು ಚಹಾಕ್ಕೆ ಮಾತ್ರ. ಆಗಲೂ ಒಬ್ಬರು ಕಿಟಕಿಯ ಕಡೆ, ಒಬ್ಬರು ಬಾಗಿಲಿನ ಕಡೆ, ಇನ್ನೊಬ್ಬರು ಗೋಡೆಯ ಕಡೆ ಮುಖ ಮಾಡಿ ಕುಡಿಯುತ್ತಿದ್ದರು. ಇವರ ನಡುವೆ ಓಡಾಡುವ ಸಹಾಯಕ ಸಂಶೋಧಕ ಇವನು. ಬೆಳಿಗ್ಗೆ ಮೂಳೆ ಅಳೆಯಬೇಕು, ಮಧ್ಯಾಹ್ನ ಗರಿಗಳನ್ನು ವಿಂಗಡಿಸಬೇಕು, ಸಂಜೆ ಜನ ಕೈಕುಲುಕುವ ಬಗೆಯನ್ನು ದಾಖಲಿಸಬೇಕು. ಪುಸ್ತಕದ ಕೊನೆಯಲ್ಲಿ ಯಾರೂ ಓದದ ಭಾಗವೊಂದು ಇರುತ್ತದಲ್ಲ, ಅದರ ಹೆಸರನ್ನೇ ಇವನಿಗೆ ಅಂಟಿಸಿದ್ದರು.

ಅವನ ಕೆಲಸದ ಕರಾರು ಆ ವಾರ ಮುಗಿಯುತ್ತಿತ್ತು. ಇನ್ನೊಂದು ವರ್ಷಕ್ಕೆ ಮುಂದುವರಿಸುವ ಕಾಗದ ನಿರ್ದೇಶಕರ ಮೇಜಿನ ಮೇಲೆ ಸಹಿಗಾಗಿ ಕಾದು ಕೂತಿತ್ತು. ಬೆಳಿಗ್ಗೆ ಹೊರಡುವಾಗ ಹೆಂಡತಿ ಎಚ್ಚರಿಸಿದ್ದಳು: "ರೀ, ಸಹಿ ಬೀಳೋ ತನಕ ಒಂದು ಸ್ವಲ್ಪ ಬಾಯಿ ಮುಚ್ಕೊಂಡಿರಿ."

ಈಗ ನೋಡಿದರೆ ಹೀಗೆ.

"ಏನ್ರೀ," ಎಂದರು ನಿರ್ದೇಶಕರು. ದನಿ ಎಷ್ಟು ಮೆತ್ತಗಿತ್ತೆಂದರೆ ಅನುಬಂಧನ ಅಕ್ಕಪಕ್ಕದವರು ತಮ್ಮ ಕುರ್ಚಿಗಳನ್ನು ದೂರ ಸರಿಸಿಕೊಂಡರು. "ಬೇಜಾರಾಯ್ತಾ?"

"ಇಲ್ಲ ಸಾರ್... ಪ್ರಯೋಗ ಸಾರ್," ಎಂದಿತು ಅವನ ನಾಲಿಗೆ. ತಲೆಯನ್ನು ಅದು ಕೇಳಲೇ ಇಲ್ಲ. "ಆಕಳಿಕೆ ಮೇಲೆ ಅಧ್ಯಯನ ಸಾರ್. ದೇಹ, ನಿಸರ್ಗ, ಸಂಸ್ಕೃತಿ, ಮೂರೂ ಸೇರಿಸಿ."

ಅಷ್ಟರಲ್ಲಿ ದೇಹ ವಿಭಾಗದ ಮೂಳೆ ಮೇಷ್ಟ್ರು ಆಕಳಿಸಿದರು. ಅವರನ್ನು ನೋಡಿ ಹಿಂದಿನವರು, ಹಿಂದಿನವರನ್ನು ನೋಡಿ ಪಕ್ಕದವರು. ಗಾಳಿ ಬೀಸಿದ ಮನೆಯ ಕಿಟಕಿಗಳಂತೆ ಬಾಯಿಗಳು ಒಂದೊಂದಾಗಿ ತೆರೆದುಕೊಂಡವು. ನಿರ್ದೇಶಕರ ಮುಖದ ಮೇಲಿನ ಸಿಟ್ಟು ನಿಧಾನಕ್ಕೆ ಕುತೂಹಲವಾಯಿತು.

"ಅರೆ! ಅಂಟುತ್ತೆ ಅಲ್ವೇನ್ರೀ? ನೋಡಿ, ಮಧ್ಯಾಹ್ನ ಮೂರಕ್ಕೆ ಹೊರಗಿನ ಪರೀಕ್ಷಕಿ ಬರ್ತಾರೆ. ಮೂರೂ ವಿಭಾಗ ಸೇರಿ ಮಾಡಿದ ಕೆಲಸ ಒಂದಾದ್ರೂ ತೋರಿಸಿ ಅಂದಿದ್ದಾರೆ. ಏನು ತೋರಿಸೋದು ಅಂತ ನನಗೆ ನಿದ್ದೆ ಇರಲಿಲ್ಲ. ನೀವೇ ತೋರಿಸಿ. ಅವರು ಒಪ್ಪಿದ್ರೆ ಸಹಿ. ಇಲ್ಲಾಂದ್ರೆ..."

ಮತ್ತೆ ಅದೇ ಮೌನ. ಈ ಸಲ ಯಾರೂ ಆಕಳಿಸಲಿಲ್ಲ.

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರೆ. ಅನುಬಂಧನಿಗೆ ಸಿಕ್ಕಿದ್ದು ಮೂರು ಗಂಟೆಯವರೆಗಿನ ಆಯಸ್ಸು. ಸಭೆ ಮುಗಿದದ್ದೇ ತಡ, ಮೂಳೆ ಮೇಷ್ಟ್ರು ಬಂದು ಅವನ ಗಲ್ಲ ಹಿಡಿದರು.

"ಬಾಯಿ ತೆಗೀರಿ. ಇನ್ನೂ. ಇಷ್ಟೇನಾ? ನೋಡ್ರೀ, ಇದು ಶುದ್ಧ ದವಡೆ ಕೀಲಿನ ವಿಷಯ. ಮೈಮುರಿಯೋ ಹಾಗೆ ಬಾಯಿ ಮುರಿಯೋದು, ಅಷ್ಟೇ. ನನ್ನ ಹೆಸರು ಮೊದಲು ಬರಬೇಕು."

"ಬಿಡಿ ಸಾರ್," ಎಂದರು ನಿಸರ್ಗ ವಿಭಾಗದ ಹಕ್ಕಿ ಮೇಡಂ. ಎದುರಿಗಿದ್ದವರು ಯಾರೇ ಆಗಲಿ, ಕೊಂಬೆಯ ಮೇಲೆ ಕೂತವರನ್ನು ನೋಡುವಂತೆ ತಲೆ ಓರೆ ಮಾಡಿ ನೋಡುವುದು ಅವರ ಅಭ್ಯಾಸ. "ಹೊಟ್ಟೇಲಿರೋ ಕೂಸೂ ಆಕಳಿಸುತ್ತೆ. ಸಿಂಹ ಆಕಳಿಸುತ್ತೆ, ಹಾವು ಬಾಯಿ ತೆಗೆಯುತ್ತೆ. ಎಲ್ಲಾ ನಿಸರ್ಗ. ಕೀಲು ಗೀಲು ಆಮೇಲೆ."

ಸಂಸ್ಕೃತಿ ವಿಭಾಗದ ಮರ್ಯಾದೆ ಮೇಷ್ಟ್ರು ಗಂಟಲು ಸರಿಪಡಿಸಿಕೊಂಡರು. ಲೋಕದ ಜನ ಯಾವುದನ್ನು ಸಭ್ಯತೆ ಎನ್ನುತ್ತಾರೆ ಎಂಬುದೇ ಅವರ ಜೀವಮಾನದ ಅಧ್ಯಯನ. "ಬಾಯಿ ಯಾರು ಬೇಕಾದ್ರೂ ತೆಗೀತಾರೆ ಮೇಡಂ. ತೆಗೆದಾಗ ಕೈ ಅಡ್ಡ ಇಡಬೇಕು ಅನ್ನೋದು ಯಾವ ಹಾವಿಗೆ ಗೊತ್ತು?"

"ಹಾವಿಗೆ ಕೈ ಎಲ್ಲಿದೆ?"

"ಅದೇ ನಾನು ಹೇಳಿದ್ದು!"

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತಂತೆ. ಅಲ್ಲಿ ಜಗಳ ಆಡುವವರಾದರೂ ಇಬ್ಬರೇ. ಅನುಬಂಧ ಮೂವರ ನಡುವೆ ನಿಂತು ಗಲ್ಲ ಉಜ್ಜಿಕೊಳ್ಳುತ್ತಿದ್ದಾಗ ಒಂದು ವಿಚಿತ್ರ ಕಂಡಿತು. ಜಗಳದ ನಡುವೆಯೇ ಮೂಳೆ ಮೇಷ್ಟ್ರು ಆಕಳಿಸಿದರು, ಹಕ್ಕಿ ಮೇಡಂ ಆಕಳಿಸಿದರು, ಮರ್ಯಾದೆ ಮೇಷ್ಟ್ರು ಕರ್ಚೀಫಿನ ಮರೆಯಲ್ಲಿ ಆಕಳಿಸಿದರು. ಒಬ್ಬರ ಮಾತು ಇನ್ನೊಬ್ಬರಿಗೆ ತಾಗುತ್ತಿರಲಿಲ್ಲ. ಆಕಳಿಕೆ ಮಾತ್ರ ಯಾವ ವಿಭಾಗದ ಬಾಗಿಲನ್ನೂ ತಟ್ಟದೆ ಬಾಯಿಂದ ಬಾಯಿಗೆ ಜಿಗಿಯುತ್ತಿತ್ತು.

ಸುಳ್ಳಿಗೆ ಹುಟ್ಟಿದ ಅಧ್ಯಯನವಾದರೂ ಅವನಿಗೆ ಈಗ ನಿಜವಾಗಿಯೂ ತಿಳಿಯಬೇಕೆನಿಸಿತು. ಬೆಳಿಗ್ಗೆ ತನಗೆ ಬಂದ ಆ ಆಕಳಿಕೆ ತನ್ನದೇ? ಅಥವಾ ದಾರಿಯಲ್ಲಿ ಹೋಗುತ್ತಿದ್ದದ್ದು ತನ್ನ ಬಾಯಲ್ಲಿ ಒಂದು ಗಳಿಗೆ ತಂಗಿ ಹೋಯಿತೇ? ಹಾಗಾದರೆ ಅದು ಹೊರಟದ್ದು ಎಲ್ಲಿಂದ?

ನೆನಪಾಯಿತು. ತಾನು ಬಾಯಿ ತೆರೆಯುವ ಮುಂಚೆ ಮುಂದಿನ ಸಾಲಿನಲ್ಲಿ ಒಂದು ಕರ್ಚೀಫು ಮೇಲೆದ್ದಿತ್ತು.

"ಸಾರ್, ಬೆಳಿಗ್ಗೆ ಮೊದಲು ಆಕಳಿಸಿದ್ದು ನೀವಲ್ವಾ?"

"ಕರ್ಚೀಫ್ ಒಳಗೆ ಆಕಳಿಸಿದ್ದು ಆಕಳಿಸಿದ ಲೆಕ್ಕ ಅಲ್ಲ," ಎಂದರು ಮರ್ಯಾದೆ ಮೇಷ್ಟ್ರು. ಆಮೇಲೆ ತಗ್ಗಿದ ದನಿಯಲ್ಲಿ, "ಈ ಮೇಡಂ ನನ್ನ ಪಕ್ಕದಲ್ಲಿ ಕೂತು ಶುರು ಮಾಡಿದ್ರು," ಎಂದರು.

"ನನಗೆ ಗೇಟಿನ ನಾಯಿಯಿಂದ ಬಂತು," ಎಂದರು ಹಕ್ಕಿ ಮೇಡಂ ಒಂದಿಷ್ಟೂ ನಾಚದೆ. "ಒಳಗೆ ಬರುವಾಗ ಅದು ಆಕಳಿಸ್ತಾ ಇತ್ತು. ಎಷ್ಟು ಚೆನ್ನಾಗಿ ಆಕಳಿಸುತ್ತೆ ಗೊತ್ತಾ? ನಿಂತು ನೋಡಿದೆ."

ಅನುಬಂಧ ಗೇಟಿಗೆ ಓಡಿದ. ನಾಯಿ ನಿರ್ದೇಶಕರ ಕಾರಿನ ನೆರಳಲ್ಲಿ ಮಲಗಿತ್ತು. ಮನುಷ್ಯನ ಆಕಳಿಕೆ ನಾಯಿಗೆ ಅಂಟುವುದೇ ಎಂದು ನೋಡದೆ ಮುಂದಕ್ಕೆ ಹೋಗುವ ಹಾಗಿರಲಿಲ್ಲ. ಅವನು ಮಂಡಿಯೂರಿ, ಎರಡೂ ಕೈ ನೆಲಕ್ಕೆ ಊರಿ, ನಾಯಿಯ ಮೂತಿಗೆ ನೇರವಾಗಿ ಬಾಯಿ ತೆರೆದ. ನಾಯಿ ಒಂದು ಕಣ್ಣು ಬಿಟ್ಟಿತು. ಅವನು ಇನ್ನಷ್ಟು ತೆರೆದ. ನಾಯಿ ಅವನ ಹಲ್ಲುಗಳನ್ನು ಎಣಿಸುವಂತೆ ನೋಡಿತು.

"ನಿರ್ದೇಶಕರ ಕೋಣೆ ಎಲ್ಲಿ?"

ಹಿಂದೆ ಬಟ್ಟೆಯ ಚೀಲ ತಗುಲಿಸಿಕೊಂಡ, ಗಿಡ್ಡನೆಯ ವಯಸ್ಸಾದ ಹೆಂಗಸೊಬ್ಬಳು ನಿಂತಿದ್ದಳು.

"ಅಮ್ಮಾ, ಸ್ವಲ್ಪ ಆ ಕಡೆ ನಿಂತ್ಕೊಳ್ಳಿ. ನಾಯಿಗೆ ಗಮನ ತಪ್ಪುತ್ತೆ."

"ಸರಿಯಪ್ಪ," ಎಂದಳು ಆಕೆ. "ಆದ್ರೆ ಇಲ್ಲಿ ಯಾರು ಯಾರಿಗೆ ಕಲಿಸ್ತಾ ಇದ್ದೀರಿ?"

ಅಷ್ಟರಲ್ಲಿ ನಾಯಿ ನಾಲಿಗೆಯನ್ನು ಬಾಳೆಲೆಯ ಸುರುಳಿಯಂತೆ ಸುತ್ತಿ ಭರ್ಜರಿಯಾಗಿ ಆಕಳಿಸಿತು. ಹೆಂಗಸೂ ಆಕಳಿಸಿ, ತಲೆಯಾಡಿಸುತ್ತಾ ಒಳಗೆ ಹೋದಳು.

"ಅಂಟಿತು!" ಎಂದು ಅನುಬಂಧ ಕೂಗಿದ. ಕಾರಿನ ಕಿಟಕಿಯಿಂದ ಡ್ರೈವರ್ ತಲೆ ಹೊರಗೆ ಹಾಕಿದ.

"ಏನ್ ಸಾರ್, ಏನ್ ಅಂಟ್ತು? ಚಪ್ಪಲಿಗಾ?"

ಅನುಬಂಧ ವಿಷಯ ಹೇಳಿದ. ಡ್ರೈವರ್ ಸೀಟಿಗೆ ಒರಗಿ ಯೋಚಿಸಿದ. "ನಾಯಿಗೆ ನನ್ನಿಂದಾನೇ ಬಂದಿರ್ಬೇಕು. ಕಾರು ನಿಲ್ಸಿ ಇಳಿದವನು ಅದರ ಮುಂದೇನೇ ಮೈಮುರಿದು ಆಕಳಿಸಿದೆ. ನನಗೆ ಸಾಹೇಬ್ರಿಂದ."

"ಸಾಹೇಬ್ರಾ?"

"ಹೂಂ ಸಾರ್. ಸೋಮವಾರ ಬೆಳಿಗ್ಗೆ ಹಿಂದಿನ ಸೀಟಲ್ಲಿ ಕೂತು ಭಾಷಣ ಅಭ್ಯಾಸ ಮಾಡ್ತಾರೆ. 'ಆದ್ದರಿಂದ ಮಾನವ ದೇಹವೆಂದರೆ' ಅಂತಾರೆ, ಅಲ್ಲಿಗೆ ಅವರೇ ಆಕಳಿಸ್ತಾರೆ. ನನಗೆ ಕನ್ನಡಿಯಲ್ಲಿ ಕಾಣುತ್ತೆ. ಪ್ರತಿ ವಾರ ಅದೇ ಮಾತಿಗೆ. ನಾನು ಸ್ಟೀರಿಂಗ್ ಬಿಗಿಯಾಗಿ ಹಿಡ್ಕೊಂಡ್ಬಿಡ್ತೀನಿ."

"ಅವರಿಗೆ ಯಾರಿಂದ ಬರುತ್ತೆ?"

"ಕಾರಲ್ಲಿ ಇನ್ಯಾರಿರ್ತಾರೆ ಸಾರ್? ನಾನು, ಅವರು, ಭಾಷಣ."

ಋಷಿಮೂಲ, ನದೀಮೂಲ ಕೆದಕಬಾರದು ಎಂದು ಹಿರಿಯರು ಹೇಳಿದ್ದಾರೆ. ಆಕಳಿಕೆಯ ಮೂಲವನ್ನೂ ಅದಕ್ಕೆ ಸೇರಿಸಿದ್ದರೆ ಅನುಬಂಧ ಬಚಾವಾಗುತ್ತಿದ್ದ. ಅವನು ಮರದ ಕೆಳಗೆ ನಿಂತು ಹೆಂಡತಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದ.

"ಬಾಯಿ ಮುಚ್ಕೊಂಡಿರಿ ಅಂದಿದ್ನಲ್ಲ?"

"ಮುಚ್ಕೊಂಡೇ ಇದ್ದೆ ಕಣೇ. ತಾನಾಗೇ ತೆರ್ಕೊಳ್ತು. ಈಗ ನಿಜ ಹೇಳಿದ್ರೆ ಕೆಲಸ ಹೋಗುತ್ತೆ."

"ಸುಳ್ಳು ಹೇಳಿದ್ರೆ?"

"ಅದನ್ನ ಬೆಳಿಗ್ಗೇನೇ ಹೇಳಿ ಆಗಿದೆ."

"ಹಾಗಾದ್ರೆ ಅದನ್ನೇ ಮುಂದುವರಿಸಿ."

ಮೂರು ಗಂಟೆಗೆ ಅನುಬಂಧ ಸಭಾಂಗಣಕ್ಕೆ ಕಾಲಿಟ್ಟಾಗ ಮುಂದಿನ ಸಾಲಿನಲ್ಲಿ, ನಿರ್ದೇಶಕರ ಪಕ್ಕದಲ್ಲಿ, ಬಟ್ಟೆಯ ಚೀಲ ಕೂತಿತ್ತು. ಚೀಲದ ಪಕ್ಕದಲ್ಲಿ ಆ ಹೆಂಗಸು.

"ಇವರೇ ನಮ್ಮ ಪರೀಕ್ಷಕಿ," ಎಂದರು ನಿರ್ದೇಶಕರು.

"ಭೇಟಿ ಆಗಿದೆ," ಎಂದರು ಆಕೆ. "ನಾಯಿಯ ಪರಿಚಯ ಇನ್ನೂ ಸರಿಯಾಗಿ ಆಗಿಲ್ಲ."

ಅನುಬಂಧ ಹಲಗೆಯ ಮೇಲೆ ಸಾಲಾಗಿ ಬಾಯಿಗಳನ್ನು ಬರೆದ. ಇದು ನನ್ನ ಬಾಯಿ, ಇದು ಕರ್ಚೀಫಿನ ಹಿಂದಿನದು, ಇದು ಮೇಡಂದು, ಇದು ನಾಯಿಯದು, ಇದು ಡ್ರೈವರ್‌ದು. ಯಾವ ಬಾಯಿಯಲ್ಲಿ ಕೀಲಿನ ಕೆಲಸ ಎಷ್ಟು, ಪ್ರಾಣಿಸಹಜವಾದದ್ದು ಎಷ್ಟು, ಸಂಕೋಚ ಎಷ್ಟು ಎಂದು ವಿವರಿಸುತ್ತಾ ಹೋದ. ಮೂರೂ ವಿಭಾಗದವರು ಮೊದಲ ಬಾರಿಗೆ ತಾವಾಗಿಯೇ ಒಂದೇ ಕಡೆ ಮುಖ ಮಾಡಿ ಕೂತಿದ್ದರು. ಅವನಿಗೇ ಆಶ್ಚರ್ಯ, ಮಾತು ಸೊಗಸಾಗಿ ಬರುತ್ತಿತ್ತು.

"ಭೇಷ್!" ಎಂದರು ನಿರ್ದೇಶಕರು, ಕತೆ ಕೇಳುವ ಮಗುವಿನಂತೆ ಮುಂದಕ್ಕೆ ಬಾಗಿ. "ಮುಂದೆ? ಡ್ರೈವರ್‌ಗೆ ಯಾರಿಂದ ಬಂತು?"

ಬಾಗಿಲ ಬಳಿ ನಿಂತಿದ್ದ ಡ್ರೈವರ್ ಚಾವಣಿಯ ಫ್ಯಾನನ್ನು ನೋಡತೊಡಗಿದ.

ಬಾಯಿ ಬಿಟ್ಟರೆ ಬಣ್ಣಗೇಡು. ಅನುಬಂಧ ಡ್ರೈವರ್‌ನ ಬಾಯಿಂದ ಗೆರೆ ಎಳೆದು ತಂದು ತನ್ನ ಬಾಯಿಗೇ ಸೇರಿಸಿದ. "ನನ್ನಿಂದಲೇ ಸಾರ್. ಗೇಟಿನ ಹತ್ತಿರ ಮೊದಲು ಆಕಳಿಸಿದ್ದು ನಾನೇ. ಊರೆಲ್ಲಾ ಸುತ್ತಿ ಮತ್ತೆ ನನ್ನ ಹತ್ತಿರಾನೇ ಬಂತು. ಮೂಲ ನಾನೇ."

"ಹಾಗಾ?" ಎಂದರು ಪರೀಕ್ಷಕಿ. "ಹಾಗಾದ್ರೆ ನಿಮಗದು ಸಲೀಸು. ಒಂದು ಆಕಳಿಸಿ, ನೋಡೋಣ."

ಅವನು ಬಾಯಿ ತೆರೆದ. ಬಾಯಿ ತೆರೆಯಿತು, ಅಷ್ಟೇ. ನೀರಿಲ್ಲದ ಹೂಜಿಯ ಹಾಗೆ ಇತ್ತು. ಬೆಳಿಗ್ಗೆ ಕರೆಯದೆ ಬಂದದ್ದು ಈಗ ಕೈಮುಗಿದರೂ ಬರಲೊಲ್ಲದು.

"ಬೆಳಿಗ್ಗೆ ನನ್ನ ಭಾಷಣದ ಹೊತ್ತಲ್ಲಿ ಬಂದಿತ್ತು," ಎಂದು ನಿರ್ದೇಶಕರು ಉತ್ಸಾಹದಿಂದ ಎದ್ದರು. "ಅದೇ ಸನ್ನಿವೇಶ ಮತ್ತೆ ಸೃಷ್ಟಿ ಮಾಡಿಬಿಡೋಣ." ಜೇಬಿನಿಂದ ಭಾಷಣ ಹೊರಬಂತು.

ಮೊದಲ ಪುಟಕ್ಕೆ ಮೂಳೆ ಮೇಷ್ಟ್ರ ಕೀಲು ಕಟಕ್ಕೆಂದಿತು. ಎರಡನೆಯದಕ್ಕೆ ಹಕ್ಕಿ ಮೇಡಂ ಮರಿಹಕ್ಕಿಯಂತೆ ಕೊಕ್ಕು ತೆರೆದರು. ಮರ್ಯಾದೆ ಮೇಷ್ಟ್ರಿಗೆ ಕರ್ಚೀಫು ತೆಗೆಯುವಷ್ಟೂ ಪುರುಸೊತ್ತು ಸಿಗಲಿಲ್ಲ. ಅವರ ಹಲ್ಲಿನ ಸೆಟ್ಟನ್ನು ಸಂಸ್ಥೆ ಅಂದೇ ಮೊದಲು ಕಂಡಿತು. ಪರೀಕ್ಷಕಿ ಕನ್ನಡಕ ತೆಗೆದು ಕಣ್ಣೀರು ಒರೆಸಿಕೊಂಡರು. "ಆದ್ದರಿಂದ ಮಾನವ ದೇಹವೆಂದರೆ..." ಎಂದು ನಿರ್ದೇಶಕರು ನಿಲ್ಲಿಸಿದರು. ಆ ಮೌನದಲ್ಲಿ ಅವರೇ, ಸ್ವತಃ, ಎರಡೂ ತೋಳು ಮೇಲೆತ್ತಿ, ದೀರ್ಘವಾಗಿ ಆಕಳಿಸಿದರು. ಬಾಗಿಲಲ್ಲಿ ಡ್ರೈವರ್ "ನಾನು ಹೇಳ್ಲಿಲ್ವಾ?" ಎಂಬಂತೆ ಹುಬ್ಬು ಹಾರಿಸಿ, ತಾನೂ ಆಕಳಿಸಿದ.

ಆಕಳಿಸದೆ ಉಳಿದವನು ಒಬ್ಬನೇ. ಹೆದರಿಕೆಯಿಂದ ಅನುಬಂಧನ ಕಣ್ಣು ಗೂಬೆಯ ಕಣ್ಣಿನಂತೆ ತೆರೆದಿತ್ತು, ಬಾಯಿ ಡಬ್ಬಿಯ ಮುಚ್ಚಳದಂತೆ ಮುಚ್ಚಿತ್ತು.

"ಮೂಲ ಇವರಲ್ಲ," ಎಂದರು ಪರೀಕ್ಷಕಿ. ಆಕೆ ಭಾಷಣದ ಹಾಳೆಗಳನ್ನು ನೋಡಿದರು, ನಿರ್ದೇಶಕರನ್ನು ನೋಡಿದರು, ತುಟಿಯಂಚಿನಲ್ಲಿ ನಕ್ಕರು. "ಮೂಲ ಇನ್ನೆಲ್ಲೋ ಇದೆ. ಹತ್ತಿರದಲ್ಲೇ ಇದೆ. ಆದ್ರೆ ಗಟ್ಟಿಯಾಗಿ ಹೇಳೋಕೆ ಇನ್ನೊಂದು ವರ್ಷದ ಅಧ್ಯಯನ ಬೇಕು."

ನಿರ್ದೇಶಕರು ಮಾತ್ರ ಅನುಬಂಧನನ್ನೇ ನೋಡುತ್ತಿದ್ದರು. ಅವರ ಕಣ್ಣು ಒದ್ದೆಯಾಗಿತ್ತು. ಆಕಳಿಕೆಯಿಂದಲೋ ಅಭಿಮಾನದಿಂದಲೋ ಹೇಳುವುದು ಕಷ್ಟ.

"ಇಷ್ಟು ವರ್ಷದಲ್ಲಿ ನನ್ನ ಭಾಷಣ ಕೊನೇ ತನಕ ಎಚ್ಚರವಾಗಿ ಕೇಳಿದವರು ನೀವೊಬ್ಬರೇ ಕಣ್ರೀ," ಎಂದರು. ಕಾಗದ ತರಿಸಿದರು. ಸಹಿ ಹಾಕಿದರು. ಹಾಕಿದ ಮೇಲೆ ಪೆನ್ನು ಮುಚ್ಚದೆ ಯೋಚಿಸಿದರು.

"ವಾರಕ್ಕೊಂದು ಭಾಷಣ ಅಧ್ಯಯನಕ್ಕೆ ಸಾಲದು. ಇನ್ಮೇಲೆ ದಿನಾ ಮಾಡ್ತೀನಿ. ನೀವು ನನ್ನ ಎದುರಿಗೇ ಕೂತ್ಕೋಬೇಕು."

"ಒಂದು ಷರತ್ತು," ಎಂದರು ಪರೀಕ್ಷಕಿ, ಚೀಲ ಹೆಗಲಿಗೇರಿಸುತ್ತಾ. "ಗಮನಿಸೋರು ಆಕಳಿಸೋ ಹಾಗಿಲ್ಲ. ಒಂದು ಸಲ ಆಕಳಿಸಿದ್ರೂ ಅಧ್ಯಯನ ಕೆಟ್ಟ ಹಾಗೆ. ಅಲ್ಲಿಗೇ ಕರಾರು ಮುಗೀತು."

"ಬರ್ಕೊಳ್ತೀನಿ," ಎಂದು ನಿರ್ದೇಶಕರು ಅದನ್ನೂ ಸಹಿಯ ಕೆಳಗೆ ಬರೆದರು.

ಸಂಜೆ ಗೇಟಿನ ಬಳಿ ಅನುಬಂಧ ಫೋನ್ ಕಿವಿಗಿಟ್ಟುಕೊಂಡ. ಪಕ್ಕದಲ್ಲಿ ಕಾರು ಬಂದು ನಿಂತಿತು. ಹಿಂದಿನ ಕಿಟಕಿ ಇಳಿಯಿತು. ನಿರ್ದೇಶಕರು ತಮ್ಮ ಏಕೈಕ ಶ್ರೋತೃವನ್ನು ಪ್ರೀತಿಯಿಂದ, ಕಣ್ಣು ಮಿಟುಕಿಸದೆ ನೋಡಿದರು. ನಾಯಿಯೂ ತಲೆ ಎತ್ತಿ ನೋಡಿತು.

"ಸಹಿ ಬಿತ್ತಾ?" ಎಂದಳು ಹೆಂಡತಿ.

"ಬಿತ್ತು."

"ಅಬ್ಬಾ! ಎಷ್ಟು ದಿನಕ್ಕೆ?"

"ನಾನು ಆಕಳಿಸೋ ತನಕ."

ಆ ಕಡೆ ಮೌನ. ಅವಳು ಲೆಕ್ಕ ಹಾಕುತ್ತಿದ್ದಾಳೆ ಎಂದುಕೊಂಡ. ಆದರೆ ಬೆಳಗಿನಿಂದ ಕಾದು ದಣಿದಿದ್ದ ಜೀವ ಅದು. ಮೌನದ ಕೊನೆಯಲ್ಲಿ, ಫೋನಿನೊಳಗಿಂದ, ಮೆತ್ತಗೆ, ಉದ್ದವಾಗಿ, ರಾಗ ಎಳೆದುಕೊಂಡು ಅದು ಬಂತು: "ಆ...ಹಾ..."

ಅನುಬಂಧ ಫೋನ್ ಬಿಟ್ಟು ಎರಡೂ ಕೈಯಿಂದ ದವಡೆ ಹಿಡಿದುಕೊಂಡ.