ಸಂಗನಬಸಪ್ಪನ ಪೂರ್ಣಪರದಾ ವಿಜಯ

ಎಲೈ ವಾಗ್ದೇವಿಯೇ, ಟಿವಿಗೆ ಕಂಪ್ಯೂಟರನ್ನು ಕಟ್ಟಿ ಮನುಜರು ಮನೆಯಲ್ಲೇ ಮಾಯಾಲೋಕಗಳನ್ನಾಳುತ್ತಿರುವ ಈ ಯುಗದಲ್ಲಿ, ಗದಗ ಪಟ್ಟಣದ ನಿವೃತ್ತ ಗ್ರಂಥಪಾಲನೂ ಲಿನಕ್ಸ್ ಎಂಬ ಕಂಪ್ಯೂಟರ್-ಪಂಥದಲ್ಲಿ ದೀಕ್ಷಾಬದ್ಧನೂ ಪರಸಹಾಯ-ಪರಾಙ್ಮುಖನೂ ಆದ ಸಂಗನಬಸಪ್ಪನು ಒಂದು ಭಾನುವಾರದ ಅಪರಾಹ್ನದಲ್ಲಿ ಗೈದ ಘನಕಾರ್ಯವನ್ನು ಹೇಳುವೆನು; ನನ್ನ ನಾಲಗೆ ತೊದಲದಂತೆ ಕಾಯು.

ಆತನ ಅರ್ಧಾಂಗಿ ನೀಲಗಂಗವ್ವ ಬಸ್ಸಿನ ಡ್ರೈವರು, ಘಾಟಿಯ ತಿರುವುಗಳ ದರ್ಪವಡಗಿಸಿದ ಸ್ಟಿಯರಿಂಗ್-ಧಾರಿಣಿ. ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡು ನಲವತ್ತು ದಿನಗಳಿಂದ ಮಂಚ ಹಿಡಿದಿದ್ದಳು. "ರಸ್ತೆ ನೋಡಿ ಎಷ್ಟ್ ದಿನ ಆತ್ರೀ," ಎಂದು ಆ ಬೆಳಿಗ್ಗೆ ಗೋಡೆಯ ಕಡೆ ಹೊರಳಿದ್ದಳು. ಅದು ಆತನ ಎದೆಗೆ ನಾಟಿತು. ಊಟವಾದ ಕೂಡಲೇ ಟಿವಿಗೆ ಕಟ್ಟಿದ ಕಂಪ್ಯೂಟರಿಗೆ ಒಂದು ಕಾರಿನಾಟವನ್ನು ಇಳಿಸಿಕೊಂಡನು. ಆದರೆ ಆಟಗಳ ಹೆಬ್ಬಾಗಿಲಾದ ಗೇಮಿಂಗ್ ಕ್ಲೈಂಟು ಟಿವಿಯ ಮೂಲೆಯಲ್ಲಿ ಅಂಚೆಕಾರ್ಡಿನಷ್ಟು ಕಿಟಕಿಯಾಗಿ ತೆರೆಯಿತು.

"ಮಂಚದ ಮ್ಯಾಲಿಂದ ಇರಿವಿ ಹರದಾಡಿದಂಗ ಕಾಣ್ತೈತ್ರೀ," ಎಂದಳು ನೀಲಗಂಗವ್ವ.

ವೀರನು ಎದ್ದು ನಿಂತನು. "ತಡಿ ನೀಲಾ! ಇಪ್ಪತ್ತು ಸಾವಿರ ಪುಸ್ತಕಕ್ಕ ನಂಬರ್ ಹಚ್ಚಿದ ಕೈ ಇದು. ಈ ಕಿಟಕಿನ್ನ ಟಿವಿ ತುಂಬ ಹಿಗ್ಗಿಸೂತನಕ ನಾ ಚಾ ಮುಟ್ಟಂಗಿಲ್ಲ!"

ಹೀಗೆ ಶಪಥಗೈದು, ಆಜ್ಞೆಗಳನ್ನು ಟೈಪಿಸುವ ಟರ್ಮಿನಲ್ಲೆಂಬ ಕೃಷ್ಣವರ್ಣದ ರಣಾಂಗಣವನ್ನು ಹೊಕ್ಕು, ಕ್ಲೈಂಟಿನ ಹೆಸರಿನ ಬಾಲಕ್ಕೆ ಪೂರ್ಣಪರದೆಯ ಆಜ್ಞೆಯನ್ನು ಹೂಡಿ ಎಂಟರ್ ಎಂಬ ಹೆದೆಯನ್ನು ಬಿಟ್ಟನು. ಅಂಥ ಆಜ್ಞೆಯೇ ಇಲ್ಲವೆಂದಿತು ಯಂತ್ರ. ಹೆಸರಿಗೂ ಆಜ್ಞೆಗೂ ನಡುವೆ ಒಂದಕ್ಷರದಷ್ಟು ಜಾಗ ಬಿಡುವುದನ್ನು ವೀರನು ಮರೆತಿದ್ದನು. ಜಾಗ ಬಿಟ್ಟು ಮತ್ತೆ ಹೂಡಿದನು. ಈ ಸಲ, ಮರೆಯಲ್ಲಿ ಇನ್ನೂ ಜೀವಂತವಿದ್ದ ಹಳೆಯ ಕಿಟಕಿಯೇ ಅದೇ ಗಾತ್ರದಲ್ಲಿ ಎದ್ದು ಬಂದಿತು. ಬೆವರೊರೆಸಿಕೊಂಡು, ಕನ್ನಡಕವೇರಿಸಿ, ಆ ಕ್ಲೈಂಟನ್ನು ಸಂಪೂರ್ಣ ಕೊಂದು, ಮೂರನೆಯ ಬಾರಿ ಪ್ರಯೋಗಿಸಲು, ಪರದೆಯು ಒಂದು ಕ್ಷಣ ಕಪ್ಪಾಯಿತು; ಬಳಿಕ ಕಿಟಕಿಯು ದಿಗಂತಗಳನ್ನು ತಳ್ಳುತ್ತ ಟಿವಿಯ ನಾಲ್ಕೂ ಅಂಚುಗಳಿಗೆ ಹಬ್ಬಿತು!

ಅಷ್ಟರಲ್ಲಿ ಎರಡು ತಾಸು ಕಳೆದಿದ್ದವು.

"ಆಗ ಕಿಟಕಿ ಮೂಲ್ಯಾಗ ಒಂದು ಚೌಕದ ಗುರುತಿತ್ತಲ್ರೀ," ಎಂದಳು ನೀಲಗಂಗವ್ವ. "ಅದನ್ನ ಒತ್ತಿದ್ರ ದೊಡ್ಡದಾಗತಿದ್ದಿಲ್ಲೇನು?"

ವೀರನು ಕನ್ನಡಕ ತೆಗೆದು ಮಡಿಚಿದನು.

"ಆಗತಿತ್ತು," ಎಂದನು.

ಅವಳು ದಿಂಬಿಗೊರಗಿ ಆಟದ ಗುಂಡಿಗಳಿದ್ದ ಕಂಟ್ರೋಲರ್ ಹಿಡಿದಳು. ಪರದೆಯ ತುಂಬ ರಸ್ತೆ ಬಿಚ್ಚಿಕೊಂಡಿತು. ಮೊದಲ ತಿರುವಿನಲ್ಲೇ ಅವಳ ಹೆಬ್ಬೆರಳು ತಡಕಾಡಿತು.

"ಹಾರ್ನ್ ಎಲ್ಲೈತ್ರೀ?"

ಆ ಆಟದಲ್ಲಿ ಹಾರ್ನ್ ಇರಲಿಲ್ಲ. ಸಂಗನಬಸಪ್ಪನು ಮಂಚದ ಅಂಚಿನಲ್ಲಿ ಕುಳಿತು, ತಿರುವು ಬಂದಾಗಲೆಲ್ಲ ಬಾಯಲ್ಲೇ "ಪೋಂ ಪೋಂ" ಎಂದನು.